ಹೆಜ್ಜಿ ಮಾಸ್ತರ್ ಹಿಂದಕ್ಕೆ ಪಡೆದ ಪೆನಾಲ್ಟಿ

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ನಮ್ಮ ಪಿ.ಟಿ. ಮಾಸ್ತರರ ವಾಟ್ಸಪ್ ಗುಂಪಿನಲ್ಲಿ, ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಸಾಲು ಹಚ್ಚುತ್ತಿದ್ದ ಹೊತ್ತಿಗೆ. ಕೊರಳಲ್ಲಿ ಸೀಟಿ ಹಾಕಿಕೊಂಡ ಹಳೆಯ ಫೋಟೊ, ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಎಲ್ಲರೂ ಕೈಮುಗಿದು ಮುಗಿಸಿದ ಮೇಲೆ ಒಬ್ಬ ಪುಣ್ಯಾತ್ಮ ಬರೆದಿದ್ದ: ‘ಒಳ್ಳೆಯ ರೆಫರಿ. ಜೇವರ್ಗಿಯ ಆ ಪೆನಾಲ್ಟಿ ಒಂದು ಬಿಟ್ಟರೆ.’ ಅದಕ್ಕೂ ಇಬ್ಬರು ಹೆಬ್ಬೆರಳು ಎತ್ತಿದ್ದರು. ಸತ್ತವರ ಬಗ್ಗೆ ಹೀಗೂ ಬರೆಯುತ್ತಾರೆಯೇ ಎಂದು ನನಗೆ ಸಿಟ್ಟು ಬಂತು. ಆದರೆ ಹನ್ನೊಂದು ವರ್ಷದ ಹಿಂದೆ ಆ ಮಾತನ್ನು ಮೊದಲು ಕಾಗದದ ಮೇಲೆ ಬರೆದವನು ನಾನೇ. ಹಾಗಾಗಿ ಬಾಯಿ ಮುಚ್ಚಿಕೊಂಡು ಫೋನನ್ನು ಜೇಬಿಗೆ ಹಾಕಿಕೊಂಡೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಫುಟ್‌ಬಾಲ್ ಆಡುವವರು ಕಡಿಮೆ, ಅದರ ಬಗ್ಗೆ ತಕರಾರು ತೆಗೆಯುವವರು ಹೆಚ್ಚು. ಕಬಡ್ಡಿ, ಖೋಖೋ ಅಂಗಳದಷ್ಟು ಜಾಗದಲ್ಲಿ ನಡೆದುಹೋಗುತ್ತವೆ. ಫುಟ್‌ಬಾಲ್‌ಗೆ ಮೈದಾನವೇ ಬೇಕು. ನಮ್ಮದು ಎರೆಮಣ್ಣು, ಮಳೆ ಬಂದರೆ ಬೂಟಿಗೆ ಸೇರುಗಟ್ಟಲೆ ಅಂಟುತ್ತದೆ, ಬಿಸಿಲು ಬಿದ್ದರೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಅಂಥ ನೆಲದ ಮೇಲೆ ಮೂವತ್ತು ವರ್ಷ ರೆಫರಿಯಾಗಿ ಓಡಿದವರು ಅವರು. ಊರು ನಿಂಬರ್ಗಾ. ಆಳಂದ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಪಿ.ಟಿ. ಮಾಸ್ತರಾಗಿದ್ದರು. ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮೂರೂ ತಾಲೂಕಿಗೆ ಅವರು ‘ಹೆಜ್ಜಿ ಮಾಸ್ತರ್’.

ಆ ಹೆಸರಿಗೆ ಕಾರಣವಿತ್ತು. ಅವರು ಎಲ್ಲಿ ನಡೆದರೂ ಹೆಜ್ಜೆ ಎಣಿಸುತ್ತಿದ್ದರು. ಜೊತೆಗೆ ಮಾತಾಡುತ್ತ ನಡೆದರೆ ನಡುವೆ ಒಮ್ಮೆಲೇ ಸುಮ್ಮನಾಗುತ್ತಿದ್ದರು, ತುಟಿ ಮಾತ್ರ ಅಲುಗುತ್ತಿತ್ತು. ಬೇಕಾದಲ್ಲಿಗೆ ತಲುಪಿದ ಮೇಲೆ, ‘ಹಾಂ, ಏನ್ ಅಂದಿ?’ ಎಂದು ಬಿಟ್ಟಲ್ಲಿಂದ ಮಾತು ಎತ್ತಿಕೊಳ್ಳುವರು. ಅವರ ಒಂದು ಹೆಜ್ಜೆ ಅಂದರೆ ಸರಿಯಾಗಿ ಒಂದು ಗಜ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ನಿಂಬರ್ಗಾದಲ್ಲಿ ಯಾರದಾದರೂ ಮದುವೆ ಇದ್ದರೆ ಹಂದರ ಹಾಕುವವರು ಮೊದಲು ಅವರನ್ನು ಕರೆದು ಜಾಗದಲ್ಲಿ ಅತ್ತಿಂದಿತ್ತ ನಡೆಸುತ್ತಿದ್ದರು. ಅವರೂ ಬೇಸರವಿಲ್ಲದೆ ನಡೆದು, ‘ಹದಿನಾಲ್ಕು ಬೈ ಒಂಬತ್ತು’ ಎಂದು ಹೇಳಿ ಚಾ ಕುಡಿದು ಬರುತ್ತಿದ್ದರು.

ಆಳು ಸಣ್ಣಗೆ, ಕಪ್ಪಗೆ, ತೊಗರಿ ಕಟ್ಟಿಗೆಯಂತೆ ಗಟ್ಟಿ. ಬಿಳಿ ಕ್ಯಾನ್ವಾಸ್ ಬೂಟಿಗೆ ಶಾಲೆಯ ಸೀಮೆಸುಣ್ಣವನ್ನೇ ಉಜ್ಜುತ್ತಿದ್ದರು. ಪ್ಯಾಂಟಿನ ಒಳಗೆ ಕರಿ ಚಡ್ಡಿ ಹಾಕಿಕೊಂಡೇ ಬಸ್ಸು ಹತ್ತುವರು. ಮೈದಾನಕ್ಕೆ ಬಂದು ಪ್ಯಾಂಟು ಕಳಚಿ ಮಡಿಸಿ ಚೀಲದಲ್ಲಿಟ್ಟರೆ ರೆಫರಿ ತಯಾರು. ಸೀಟಿಯನ್ನು ಕೈಯಲ್ಲಿ ಹಿಡಿದೇ ಓಡುತ್ತಿದ್ದರು. ಬಾಯಲ್ಲಿದ್ದರೆ ಸುಮ್ಮಸುಮ್ಮನೆ ಊದುವ ಆಸೆಯಾಗುತ್ತದಂತೆ. ಚೆಂಡಿನಿಂದ ಹತ್ತು ಹೆಜ್ಜೆ ದೂರ ಬಿದ್ದರೆ ತಮ್ಮ ಮೇಲೆ ತಾವೇ ಸಿಟ್ಟಾಗುವರು. ‘ಸೀಟಿ ಊದೋದು ಬಾಯಿಲೆ ಅಲ್ಲ ತಮ್ಮಾ, ಕಾಲಿಲೆ,’ ಎಂದು ನನಗೆ ನೂರು ಸಲವಾದರೂ ಹೇಳಿದ್ದಾರೆ. ಹತ್ತಿರ ಇಲ್ಲದವನು ಕೊಟ್ಟ ತೀರ್ಪು ಸರಿಯಾಗಿದ್ದರೂ ಯಾರೂ ನಂಬುವುದಿಲ್ಲ ಎನ್ನುವುದು ಅವರ ಲೆಕ್ಕ.

ಅವರ ಚೀಲದಲ್ಲಿ ಒಂದು ಹಗ್ಗ ಇರುತ್ತಿತ್ತು. ಪುಂಡಿ ನಾರಿನದು, ಅವರ ಅಪ್ಪ ಹೊಸೆದದ್ದು. ಅಪ್ಪ ಕೂಲಿ ಮಾಡುತ್ತಿದ್ದವರು, ಬೇರೆಯವರ ಹೊಲದಲ್ಲಿ ತೊಗರಿಯ ಸಾಲು ಹಿಡಿದು ಬದುಕಿದವರು. ‘ಅಳತಿ ಹಗ್ಗ ಯಾವಾಗ್ಲೂ ಗೌಡ್ರ ಕೈಯಾಗ ಇರ್ತಿತ್ತು. ನಮ್ಮಪ್ಪ ಮನ್ಯಾಗ ಕುಂತು ತನಗಂತ ಒಂದು ಹೊಸೆದ,’ ಎಂದು ಅವರು ಹೇಳುತ್ತಿದ್ದರು. ಆ ಹಗ್ಗಕ್ಕೆ ಇವರು ಬಣ್ಣದ ಬಟ್ಟೆಯ ಚೂರುಗಳನ್ನು ಕಟ್ಟಿಕೊಂಡಿದ್ದರು. ಆರು ಹೆಜ್ಜೆಗೆ ಹಳದಿ, ಹನ್ನೆರಡಕ್ಕೆ ನೀಲಿ, ಹದಿನೆಂಟಕ್ಕೆ ಕೆಂಪು. ನೀರು ತಾಗಿದರೆ ಹಗ್ಗ ಕುಗ್ಗುತ್ತದೆ ಎಂದು ಪ್ರತಿವರ್ಷ ಒಮ್ಮೆ ಅದನ್ನು ಪರೀಕ್ಷಿಸಿ ಗಂಟು ಸರಿಮಾಡುವರು.

ನಾನು ಅವರಿಗೆ ಸಿಕ್ಕದ್ದು ಜೇವರ್ಗಿಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿದ್ದಾಗ. ನಾನು ಮೂಲತಃ ಕಬಡ್ಡಿಯವನು. ಫುಟ್‌ಬಾಲ್ ನನಗೆ ಟಿವಿಯಲ್ಲಿ ನೋಡಿದಷ್ಟೇ ಗೊತ್ತಿತ್ತು. ನನ್ನ ಕಣ್ಣು ಚುರುಕಾಗಿದೆ ಎಂದು ಅವರೇ ನನ್ನನ್ನು ಲೈನ್ಸ್‌ಮನ್ ಮಾಡಿಕೊಂಡರು, ಕೈಗೆ ಬಾವುಟ ಕೊಟ್ಟರು. ಮೂರು ವರ್ಷ ಅವರ ಹಿಂದೆ ಊರೂರು ತಿರುಗಿದೆ. ಬಸ್ಸಿನಲ್ಲಿ ನನ್ನ ಮನೆಯ ಕಷ್ಟಸುಖವನ್ನೆಲ್ಲ ಅವರ ಮುಂದೆ ಹೇಳಿಕೊಳ್ಳುತ್ತಿದ್ದೆ. ನಮ್ಮ ಹೆಡ್‌ಮಾಸ್ತರರು ನನ್ನನ್ನು ತೆಗೆದು ತಮ್ಮ ಕಡೆಯವನೊಬ್ಬನನ್ನು ತರಲು ಕಾರಣ ಹುಡುಕುತ್ತಿರುವುದನ್ನೂ ಹೇಳಿದ್ದೆ. ‘ಕಾರಣ ಕೊಡಬ್ಯಾಡ,’ ಎಂದಷ್ಟೇ ಅಂದಿದ್ದರು.

ಅವರದೊಂದು ಪದ್ಧತಿ ಇತ್ತು, ಬೇರೆ ಯಾವ ರೆಫರಿಯಲ್ಲೂ ನಾನು ಅದನ್ನು ಕಾಣಲಿಲ್ಲ. ಆಟದಲ್ಲಿ ಏನಾದರೂ ತಕರಾರು ಆದರೆ ಮುಗಿದ ಮೇಲೆ ರೆಫರಿ, ಇಬ್ಬರು ಲೈನ್ಸ್‌ಮನ್, ಮೂವರೂ ಚಾಕ್ಕಿಂತ ಮೊದಲು, ಒಬ್ಬರಿಗೊಬ್ಬರು ಒಂದು ಮಾತೂ ಆಡದೆ, ಬೇರೆ ಬೇರೆ ಚೀಟಿಯಲ್ಲಿ ತಾವು ಕಂಡದ್ದನ್ನು ಬರೆಯಬೇಕು. ‘ಮಾತಾಡಿದ್ರ ಮೂರು ಮಂದೀದು ಒಂದೇ ಕಣ್ಣ ಆಗ್ತದ. ಕಂಡದ್ದು ಬರಿ, ಕೇಳಿದ್ದು ಬರೀಬ್ಯಾಡ,’ ಎನ್ನುವರು. ಚೀಟಿಗಳನ್ನು ತಾವು ಓದದೆ ಲಕೋಟೆಗೆ ಹಾಕಿ ಅಂಟಿಸಿ ಕಲಬುರಗಿಯ ಪಂದ್ಯ ಮಂಡಳಿಗೆ ತಾವೇ ಒಯ್ದು ಕೊಡುವರು.

ಆ ಪದ್ಧತಿ ಏನು ಮಾಡಬಲ್ಲದು ಎಂದು ನಾನು ಒಮ್ಮೆ ಘತ್ತರಗಿಯಲ್ಲಿ ನೋಡಿದೆ. ಭೀಮಾ ದಂಡೆಯ ಮೇಲಿನ ಬಯಲು, ಜನ ಜಾತ್ರೆಗೆ ಸೇರಿದ ಹಾಗೆ ಸೇರಿದ್ದರು. ಊರಿನ ತಂಡದ ಮೇಲೆ ಇವರು ಪೆನಾಲ್ಟಿ ಕೊಟ್ಟರು, ಚೆಂಡು ಹುಡುಗನ ಕೈಗೆ ಬಡಿಯಿತೆಂದು. ಅವತ್ತಿನ ಇನ್ನೊಬ್ಬ ಲೈನ್ಸ್‌ಮನ್ ಅದೇ ಊರಿನ ಮಾಸ್ತರ. ಎದೆಗೆ ಬಡಿಯಿತು, ಕೈಗಲ್ಲ ಎಂದು ಅವನು ಬಾವುಟ ಬೀಸಿ ಕೂಗಿದ. ಜನ ಒಳಗೆ ನುಗ್ಗಿದರು. ಇವರು ಚೆಂಡಿನ ಮೇಲೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು.

‘ಏಳ್ರೀ ಮಾಸ್ತರ್, ಏಳ್ರೀ! ಫೈಸ್ಲಾ ಬದಲ್ ಮಾಡ್ರಿ!’ ಎಂದು ನಾಲ್ಕು ಜನ ಮೈಮೇಲೆ ಬಂದರು.

‘ಮಾಡೋಣ. ಮೊದ್ಲು ಈ ಮಾಸ್ತರ್ ಬರೀಲಿ. ಅವರು ಎದಿಗಿ ಬಡೀತಂತ ಬರದ್ರ ನಾ ಚೆಂಡ್ ಎತ್ತಿ ಕೊಡ್ತೇನಿ.’

ಲೈನ್ಸ್‌ಮನ್ ಕೈಗೆ ಚೀಟಿ, ಪೆನ್ನು ಬಂತು. ಊರೆಲ್ಲ ಸುತ್ತ ನಿಂತಿದೆ. ಆ ಮನುಷ್ಯ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಕೊನೆಗೆ ಬರೆದದ್ದು ಎರಡೇ ಶಬ್ದ: ‘ಕೈಗೆ ಬಡಿಯಿತು’. ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಅದೇ ಜನ ಅವನ ಬೆನ್ನಿಗೆ ಗುದ್ದಿ ನಕ್ಕರು. ಬರುವಾಗ ಬಸ್ಸಿನಲ್ಲಿ ಇವರು ಅಂದರು: ‘ಬಾಯಿಲೆ ಸುಳ್ಳ ಹೇಳೋದು ಸಲೀಸ ತಮ್ಮಾ. ಬರೀವಾಗ ಕೈ ತಡೀತದ.’

ಮೂವತ್ತು ವರ್ಷದಲ್ಲಿ ಅವರು ಕೊಟ್ಟ ತೀರ್ಪು ತಿರುಗಿಸಿದ್ದಿಲ್ಲ. ಭೀಮಾ ನದಿ ಹಿಂದಕ್ಕೆ ಹರಿದೀತು, ಹೆಜ್ಜಿ ಮಾಸ್ತರ್ ಫೈಸ್ಲಾ ಹಿಂದಕ್ಕೆ ಬಾರದು ಎಂದು ಜನ ಆಡಿಕೊಳ್ಳುತ್ತಿದ್ದರು. ಮಾಸ್ತರರಿಗೆ ಬೇರೆ ಆಸ್ತಿ ಇರಲಿಲ್ಲ. ಆ ಹೆಸರು ಒಂದೇ ಇತ್ತು.

ಇನ್ನು ಆ ಪೆನಾಲ್ಟಿಯ ಮಾತು. ಮೂರು ತಾಲೂಕುಗಳ ಪ್ರೌಢಶಾಲಾ ಹುಡುಗರ ಫೈನಲ್, ಆಳಂದಕ್ಕೂ ಅಫಜಲಪುರಕ್ಕೂ. ಪಂದ್ಯ ನಮ್ಮ ಜೇವರ್ಗಿಯ ಶಾಲೆಯ ಮೈದಾನದಲ್ಲಿ. ಗೆರೆ ಹಾಕುವ ಕೆಲಸ ನನ್ನದು. ಹಿಂದಿನ ದಿನ ಶಾಲೆಗೆ ಹೊಸ ಟೇಪು ಬಂದಿತ್ತು, ಅದನ್ನು ಹಿಡಿದು ಒಂದೊಂದು ಗೆರೆಯನ್ನೂ ಅಳೆದು ಸುಣ್ಣ ಹಾಕಿದೆ. ಮುಗಿಸಿದಾಗ ಮೈದಾನ ಮದುವೆ ಮನೆಯ ರಂಗೋಲಿಯ ಹಾಗೆ ಕಾಣುತ್ತಿತ್ತು, ನನಗೆ ಹೆಮ್ಮೆಯಾಗಿತ್ತು.

ಸಾಧಾರಣವಾಗಿ ಆಟಕ್ಕೆ ಮುಂಚೆ ಅವರು ಎರಡೂ ಗೋಲಿನ ಮುಂದಿನ ಪೆಟ್ಟಿಗೆಗಳನ್ನು ನಡೆದು ನೋಡುವರು. ಫೌಲ್ ಆ ಪೆಟ್ಟಿಗೆಯ ಒಳಗಾದರೆ ಪೆನಾಲ್ಟಿ, ಹೊರಗಾದರೆ ಬರೀ ಫ್ರೀ ಕಿಕ್. ಅವತ್ತು ಕಲಬುರಗಿಯಲ್ಲಿ ಬಸ್ಸು ಬದಲಿಸುವಾಗ ತಡವಾಗಿ, ಅವರು ಬಂದು ಮುಟ್ಟುವ ಹೊತ್ತಿಗೆ ಮುಖ್ಯ ಅತಿಥಿಗಳು ಶಾಮಿಯಾನದಡಿ ಗಡಿಯಾರ ನೋಡುತ್ತಿದ್ದರು. ‘ಟಾಸ್ ಹಾರಸ್ರಿ ಸರ್, ಸಾಹೇಬ್ರು ಹೋಗಬೇಕಂತ,’ ಎಂದು ನಮ್ಮ ಹೆಡ್‌ಮಾಸ್ತರರು ಅವರ ಕೈ ಹಿಡಿದೇ ಎಳೆದರು. ಅವರು ದೂರದಿಂದ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. ನಾನು ಹೂಂ ಎಂದು ತಲೆ ಆಡಿಸಿದೆ. ಪ್ಯಾಂಟು ಕಳಚಿ ಟಾಸ್ ಹಾರಿಸಿದರು.

ಮೊದಲರ್ಧದಲ್ಲಿ ಆಳಂದ ಒಂದು ಗೋಲು ಹೊಡೆಯಿತು. ಆಟ ಮುಗಿಯಲು ಐದಾರು ನಿಮಿಷ ಇದ್ದಾಗ ಅಫಜಲಪುರದ ಹುಡುಗನೊಬ್ಬ ನನ್ನ ಬದಿಯಿಂದಲೇ ಚೆಂಡು ಹೊಡೆದುಕೊಂಡು ಒಳಗೆ ನುಗ್ಗಿದ. ಆಳಂದದ ಡಿಫೆಂಡರ್ ಅವನ ಕಾಲಿಗೆ ಕಾಲು ಕೊಟ್ಟು ಕೆಡವಿದ. ಬಿದ್ದ ಜಾಗ ಪೆಟ್ಟಿಗೆಯ ಗೆರೆಯಿಂದ ಒಂದು ಹೆಜ್ಜೆ ಒಳಗೆ. ನಾನು ಬಾವುಟ ಎತ್ತಿದೆ, ಅದೇ ಹೊತ್ತಿಗೆ ಸೀಟಿ ಕೇಳಿತು. ಅವರ ಕೈ ಪೆನಾಲ್ಟಿ ಬೊಟ್ಟಿನ ಕಡೆ ಚಾಚಿತ್ತು.

ಅಫಜಲಪುರದ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಅವರ ತಂಡದ ಮ್ಯಾನೇಜರ್ ಆಗಿ ಬಂದಿದ್ದವರು ಮಣ್ಣೂರಿನ ಒಬ್ಬ ಗಣಿತ ಮಾಸ್ತರರು. ಅವರಂತೂ ಕೊಡೆಯನ್ನೇ ಮೇಲಕ್ಕೆ ಎಸೆದರು. ಇವರು ಚೆಂಡು ಎತ್ತಿಕೊಂಡು ಗೋಲಿನ ಗೆರೆಯಿಂದ ಎಣಿಸುತ್ತ ಬಂದರು. ಚೆಂಡು ಇಡುವಾಗ ಹನ್ನೆರಡು ಹೆಜ್ಜೆ ಎಣಿಸುವುದು ಅವರ ರೂಢಿ. ಹನ್ನೆರಡಕ್ಕೆ ಕಾಲು ನಿಂತಿತು. ಸುಣ್ಣದ ಬೊಟ್ಟು ಇನ್ನೂ ಒಂದು ಹೆಜ್ಜೆ ಮುಂದೆ ಇತ್ತು. ಹಿಂದೆ ಹೋಗಿ ಮತ್ತೊಮ್ಮೆ ಎಣಿಸಿದರು. ಆಮೇಲೆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಗೋಲಿನಿಂದ ಪೆಟ್ಟಿಗೆಯ ಗೆರೆಯವರೆಗೆ ನಡೆದರು. ಅವರು ಏನು ಮಾಡುತ್ತಿದ್ದಾರೆಂದು ಯಾರಿಗೂ ತಿಳಿಯಲಿಲ್ಲ. ಗೆರೆ ಮುಟ್ಟುವ ಮೊದಲೇ ನಿಂತು ಹುಡುಗ ಬಿದ್ದ ಜಾಗವನ್ನು ನೋಡಿದರು. ನಂತರ ಸೀದಾ ನನ್ನ ಹತ್ತಿರ ಬಂದರು.

‘ಗೆರಿ ಯಾರ್ ಹಾಕ್ಯಾರ?’

‘ನಾನೇ ಹಾಕೇನ್ರಿ ಸರ್.’

‘ಅಳದು ಹಾಕಿದಿ?’

‘ಹೊಸಾ ಟೇಪ್ ಹಿಡದು ಅಳದೇನ್ರಿ. ಹದಿನೆಂಟು ಅಂದ್ರ ಹದಿನೆಂಟು. ಒಂದು ಗೇಣ ಹೆಚ್ಚಿಲ್ಲ, ಕಡಿಮಿಲ್ಲ.’

ಅವರು ನನ್ನ ಹಿಂದೆ ಶಾಮಿಯಾನದ ಕಡೆ ನೋಡಿದರು. ಅಲ್ಲಿ ಹೆಡ್‌ಮಾಸ್ತರರು ಏನು ನಡೆದಿದೆ ಎಂದು ಎದ್ದು ನಿಂತಿದ್ದರು. ಇವರು ದನಿ ಇಳಿಸಿ ಅಂದರು:

‘ಗೆರಿ ನಿಂದು. ಫೈಸ್ಲಾ ನಂದು.’

‘ಸರ್, ಒಳಗ ಬಿದ್ದಾನ್ರಿ! ನಾ ನನ್ನ ಕಣ್ಣಿಲೆ ನೋಡೇನಿ!’

‘ನೀ ನೋಡಿದ್ದು ಖರೆ ಅದ,’ ಎಂದು ಹೇಳಿ ತಿರುಗಿ ಹೋದರು.

ಹೋಗಿ ಚೆಂಡನ್ನು ಪೆಟ್ಟಿಗೆಯ ಗೆರೆಯಿಂದ ಒಂದು ಗೇಣು ಹೊರಗೆ ಇಟ್ಟು ಫ್ರೀ ಕಿಕ್ ಕೊಟ್ಟರು. ಕೊಟ್ಟ ಪೆನಾಲ್ಟಿಯನ್ನು ಹಿಂದಕ್ಕೆ ತೆಗೆದುಕೊಂಡರು. ಎಲ್ಲರ ಕಣ್ಣೆದುರಿಗೆ, ಒಳಗೆ ಬಿದ್ದ ಹುಡುಗನ ಚೆಂಡನ್ನು ಕೈಯಾರೆ ಹೊರಗೆ ಸರಿಸಿದರು. ಫ್ರೀ ಕಿಕ್ ಅಡ್ಡ ನಿಂತ ಹುಡುಗರ ಕಾಲಿಗೆ ಬಡಿದು ಹೋಯಿತು. ಆಳಂದ ಗೆದ್ದಿತು. ರೆಫರಿಯ ತಾಲೂಕೂ ಆಳಂದವೇ. ‘ಆಳಂದದಾಂವ ಆಳಂದಕ್ಕ ಕೊಟ್ಟ!’ ಎಂದು ಜನ ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಆಟ ಮುಗಿದ ಮೇಲೆ ಎಂದಿನಂತೆ ಚೀಟಿ ಕೊಟ್ಟರು. ನಾನು ಸಿಟ್ಟಿನಿಂದ ಅದನ್ನು ಕಸಿದುಕೊಂಡೆ.

‘ಏನ್ ಬರೀಲ್ರಿ ಸರ್? ನಿಮಗ ಉಲ್ಟಾ ಆಗ್ತದ.’

‘ಕಂಡದ್ದು ಬರಿ.’

ಬರೆದೆ. ‘ಫೌಲ್ ಗೆರೆಯಿಂದ ಒಂದು ಹೆಜ್ಜೆ ಒಳಗೆ ಆಗಿದೆ. ರೆಫರಿ ಮೊದಲು ಪೆನಾಲ್ಟಿ ಕೊಟ್ಟು ಆಮೇಲೆ ತಿರುಗಿಸಿದರು. ಕಾರಣ ನನಗೆ ಗೊತ್ತಿಲ್ಲ.’ ಮತ್ತೊಬ್ಬ ಲೈನ್ಸ್‌ಮನ್ ಆಚೆ ಬದಿಯಲ್ಲಿದ್ದವನು, ತನಗೆ ಕಾಣಲಿಲ್ಲ ಎಂದು ಬರೆದ. ಅವರು ಮೂರೂ ಚೀಟಿಗಳನ್ನು ಓದದೆ ಲಕೋಟೆಗೆ ಹಾಕಿ ಅಂಟಿಸಿದರು. ಹೆಡ್‌ಮಾಸ್ತರರು ಊಟಕ್ಕೆ ಕರೆದರು, ನಾನು ಹೋದೆ. ಗೇಟಿನಿಂದ ತಿರುಗಿ ನೋಡಿದಾಗ ಅವರೂ ಮಣ್ಣೂರಿನ ಗಣಿತ ಮಾಸ್ತರರೂ ಮೈದಾನದಲ್ಲೇ ಉಳಿದು ಕೈ ಮಾಡಿ ಮಾತಾಡುತ್ತಿದ್ದರು. ಜಗಳ ಹತ್ತಿದೆ ಎಂದುಕೊಂಡೆ. ಮಾಡಲಿ, ಬೇಕಾದ್ದೇ ಎಂದೂ ಅಂದುಕೊಂಡೆ.

ಅಫಜಲಪುರದವರು ದೂರು ಕೊಡುತ್ತೇವೆ ಎಂದವರು ಯಾಕೋ ಕೊಡಲಿಲ್ಲ. ಆದರೆ ರೆಫರಿಯ ಚೀಟಿಯೂ ಲೈನ್ಸ್‌ಮನ್ ಚೀಟಿಯೂ ಬೇರೆ ಬೇರೆ ಹೇಳಿದರೆ ಮಂಡಳಿಯವರು ವಿಚಾರಿಸಲೇಬೇಕು. ಕರೆಸಿದರು. ಹೆಜ್ಜಿ ಮಾಸ್ತರರ ಚೀಟಿಯನ್ನು ನಮ್ಮ ಮುಂದೆ ಓದಿದರು: ‘ಫೌಲ್ ಪೆಟ್ಟಿಗೆಯ ಹೊರಗೆ ಆಗಿತ್ತು. ಪೆನಾಲ್ಟಿ ಕೊಟ್ಟದ್ದು ನನ್ನ ತಪ್ಪು. ಆಟಕ್ಕೆ ಮೊದಲು ಮೈದಾನ ನಡೆದು ನೋಡದಿದ್ದದ್ದೂ ನನ್ನ ತಪ್ಪು.’ ಕೊನೆಯ ಸಾಲಿಗೂ ಇದಕ್ಕೂ ಏನು ಸಂಬಂಧ ಎಂದು ಮಂಡಳಿಯವರು ಕೇಳಿದರು. ‘ಬರದದ್ದು ಅಷ್ಟೇ ಅದ್ರಿ,’ ಎಂದರು. ನನ್ನನ್ನು ಕೇಳಿದಾಗ ನಾನು ಎದೆ ಸೆಟೆದು, ಒಳಗೇ ಆಗಿತ್ತು ಎಂದೆ. ಎರಡು ವರ್ಷ ಅವರಿಗೆ ಯಾವ ಪಂದ್ಯವನ್ನೂ ಕೊಡಲಿಲ್ಲ. ಆಮೇಲೆ ಕೊಟ್ಟರೂ ಫೈನಲ್‌ಗೆ ಮತ್ತೆ ಎಂದೂ ಕರೆಯಲಿಲ್ಲ.

ನನ್ನ ಅತಿಥಿ ಕೆಲಸ ಉಳಿಯಿತು. ಮೂರು ವರ್ಷದ ಮೇಲೆ ಪರೀಕ್ಷೆ ಬರೆದು ಕಾಯಂ ಆದೆ. ಮೊದಲು ಫೋನ್ ಮಾಡಿ ಅಭಿನಂದಿಸಿದವರು ಅವರೇ. ಮಾತುಕತೆ ನಿಂತಿರಲಿಲ್ಲ, ಆದರೆ ಸಿಕ್ಕಾಗಲೆಲ್ಲ ನಾನು ಆ ಪೆನಾಲ್ಟಿಯನ್ನು ಕೆದಕದೆ ಬಿಡುತ್ತಿರಲಿಲ್ಲ. ‘ಈಗರ ಒಪ್ಪಿಕೋರಿ ಸರ್, ಒಳಗ ಇತ್ತು,’ ಎನ್ನುವೆ. ಅವರು ಚಾ ಬಸಿಗೆ ಸುರಿದುಕೊಂಡು, ‘ಗೆರಿ ನಿಂದು, ಫೈಸ್ಲಾ ನಂದು,’ ಎನ್ನುವರು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಮುದುಕನಿಗೆ ಎಷ್ಟು ಜಂಬ ಎಂದುಕೊಳ್ಳುತ್ತಿದ್ದೆ.

ಅವರು ನಿವೃತ್ತರಾದಾಗ ನಿಂಬರ್ಗಾದ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಬುದ್ಧನ ಮೂರ್ತಿ, ಅದರ ಪಕ್ಕದ ಮೊಳೆಗೆ ಸೀಟಿ. ಅವರ ಹೆಂಡತಿ ಮಂಡಕ್ಕಿ ಸುಸಲಾ ತಂದಿಟ್ಟು ನನ್ನ ಮುಂದೆ ಕುಳಿತರು.

‘ಎರಡು ವರ್ಷ ಐತವಾರ ಬಂದ್ರ ಇದೇ ಹೊಸ್ತಿಲ ಮ್ಯಾಗ ಕುಂದರ್ತಿದ್ರು ನೋಡಪಾ. ಬೂಟಿಗಿ ಸುಣ್ಣ ಹಚ್ಚೋದು, ಒಣಗಸೋದು, ಮತ್ತ ಹಚ್ಚೋದು. ಯಾವನೋ ಒಬ್ಬ ಬರದು ಕೊಟ್ಟನಂತ ಇವರ ಮ್ಯಾಲ. ಅವನ ಕೈಗಿ...’

‘ಚಾ ತರ್ತಿ ಏನು?’ ಎಂದು ಅವರು ನಡುವೆ ಬಾಯಿ ಹಾಕಿದರು.

ಆ ತಾಯಿ ಎದ್ದು ಹೋದರು. ನಾನು ತಲೆ ಎತ್ತಲಿಲ್ಲ. ನಾಚಿಕೆಯಾಯಿತು, ಆದರೆ ಕಂಡದ್ದನ್ನೇ ಬರೆದವನಿಗೆ ನಾಚಿಕೆ ಯಾಕೆ ಎಂದು ಒಳಗೊಳಗೇ ವಾದವನ್ನೂ ಹೂಡಿದೆ. ಹೊರಡುವಾಗ ಅವರು ಚೀಲದಿಂದ ಹಗ್ಗ ತೆಗೆದು ನನ್ನ ಕೈಗಿಟ್ಟರು.

‘ಟೇಪ್ ಬಿಡು. ಇದನ್ನ ಹಾಸು.’

ಕಾಯಂ ನೌಕರ ನಾನು, ಶಾಲೆಯಲ್ಲಿ ಎರಡು ಟೇಪುಗಳಿವೆ, ಈ ನಾರಿನ ಹಗ್ಗ ಯಾರಿಗೆ ಬೇಕು? ತಂದು ನನ್ನ ಆಟದ ಸಾಮಾನಿನ ಟ್ರಂಕಿನಲ್ಲಿ, ಹರಿದ ಬಲೆಯ ಕೆಳಗೆ ಹಾಕಿದೆ. ಮುಂದಿನ ಐದು ವರ್ಷ, ಪ್ರತಿ ಹಂಗಾಮಿನ ಮೊದಲಿಗೆ ಅವರ ಫೋನು ಬರುತ್ತಿತ್ತು. ಬೇರೆ ಏನೂ ಕೇಳುತ್ತಿರಲಿಲ್ಲ.

‘ಹಗ್ಗ ಹೆಂಗದ ತಮ್ಮಾ? ಹಾಸಿದಿ?’

‘ಹಾಸೇನ್ರಿ ಸರ್. ಮಸ್ತ್ ಅದ.’

‘ಎಲ್ಲಾ ಬರೋಬ್ಬರಿ ಬಂತು?’

‘ಏಕದಂ ಬರೋಬ್ಬರಿ ಬಂತ್ರಿ.’

ಆಮೇಲೆ ‘ಛಲೋ ಆತು’ ಎಂದು ಫೋನ್ ಇಡುವರು. ಹಿರಿಯರ ಮನಸ್ಸು ನೋಯಬಾರದು ಎಂದು ಹೇಳಿದ ಸುಳ್ಳು ಅದು. ಅದರಲ್ಲಿ ಯಾರಿಗೂ ನಷ್ಟವಿಲ್ಲ ಎಂದು ನಂಬಿದ್ದೆ.

ಅವರು ಹೋದ ಎರಡು ತಿಂಗಳಿಗೆ ಮೂರು ತಾಲೂಕಿನ ಪಂದ್ಯ ಬಹಳ ವರ್ಷಗಳ ಮೇಲೆ ಮತ್ತೆ ಜೇವರ್ಗಿಗೆ ಬಂತು. ಆ ಹಳೆಯ ಶಾಲೆಗೇ ನಾನು ಕಳೆದ ವರ್ಷ ವರ್ಗವಾಗಿ ಬಂದಿದ್ದೆ. ಟ್ರಂಕೂ ನನ್ನ ಜೊತೆಗೆ ಬಂದಿತ್ತು. ಗೆರೆ ಹಾಕಲು ನಿಂತಾಗ, ಅವರ ನೆನಪಿಗೆ ಈ ಒಂದು ಸಲವಾದರೂ ಹಾಸೋಣ ಎಂದು ಹಗ್ಗ ತೆಗೆದೆ. ಗೋಲಿನ ಗೆರೆಗೆ ಒಂದು ತುದಿ ಗೂಟಕ್ಕೆ ಕಟ್ಟಿ ಎಳೆದೆ. ಪಕ್ಕದಲ್ಲೇ ಟೇಪು ಬಿಚ್ಚಿದೆ. ಹದಿನೆಂಟರ ಕೆಂಪು ಬಟ್ಟೆ, ಟೇಪಿನ ಹದಿನೆಂಟಕ್ಕಿಂತ ಒಂದೂವರೆ ಹೆಜ್ಜೆ ಹಿಂದೆಯೇ ಮುಗಿದುಹೋಯಿತು.

ನೀರು ತಾಗಿ ಕುಗ್ಗಿದೆ ಎಂದು ಮೊದಲು ಅನಿಸಿತು. ಆಮೇಲೆ ಕೆಂಪು ಬಟ್ಟೆಯ ಪಕ್ಕದಲ್ಲಿ ಟೇಪು ಏನು ಹೇಳುತ್ತದೆ ಎಂದು ಬಗ್ಗಿ ನೋಡಿದೆ. ಹದಿನಾರೂವರೆ ಮೀಟರಿಗೆ ಒಂದು ಚೂರು ಕಡಿಮೆ. ಎಂಟು ವರ್ಷದ ಹಿಂದೆ ನೌಕರಿಯ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಹದಿನಾರೂವರೆ ಮೀಟರ್ ಎಂದು ಸರಿ ಗುರುತು ಹಾಕಿ ಅಂಕ ತೆಗೆದವನು ನಾನು. ಅದು ಪುಸ್ತಕದ ಲೆಕ್ಕ; ಮೈದಾನಕ್ಕೆ ಇಳಿದರೆ ಕೈ ಹಳೆಯ ಲೆಕ್ಕವನ್ನೇ ಹಿಡಿಯುತ್ತಿತ್ತು. ಎಲ್ಲರೂ ಹದಿನೆಂಟರ ಪೆಟ್ಟಿಗೆ, ಹನ್ನೆರಡರ ಬೊಟ್ಟು ಎನ್ನುತ್ತಿದ್ದರು. ಅವು ಗಜ. ನನ್ನ ಟೇಪು ಮೀಟರಿನದು. ಹದಿನೆಂಟು ಗಜ ಹಾಕಬೇಕಾದಲ್ಲಿ ಹದಿನೆಂಟು ಮೀಟರ್ ಹಾಕಿದ್ದೆ. ಆ ಫೈನಲ್‌ನಲ್ಲಿ, ಅದರ ಆಮೇಲೆಯೂ, ಕೇಳುವವರಿಲ್ಲದೆ ಇಷ್ಟೂ ವರ್ಷ.

ನಾನು ಅಲ್ಲೇ ಮಣ್ಣಿನ ಮೇಲೆ ಕುಳಿತೆ. ಅಂದು ಹುಡುಗ ಬಿದ್ದದ್ದು ನನ್ನ ಗೆರೆಯ ಒಳಗೆ, ನಿಜವಾದ ಪೆಟ್ಟಿಗೆಯ ಹೊರಗೆ. ಹೆಜ್ಜೆ ಎಣಿಸಿದ ಕೂಡಲೇ ಅವರಿಗೆ ಗೊತ್ತಾಗಿತ್ತು. ಗೆರೆ ತಪ್ಪಾಗಿದೆ ಎಂದು ಅವರು ಆಗ ಒಂದು ಮಾತು ಅಂದಿದ್ದರೆ ಅವರ ಹೆಸರು ಉಳಿಯುತ್ತಿತ್ತು, ಹೆಡ್‌ಮಾಸ್ತರರಿಗೆ ಬೇಕಾದ ಕಾರಣವೂ ಸಿಗುತ್ತಿತ್ತು.

ಮರುದಿನ ಪಂದ್ಯಕ್ಕೆ ಮಣ್ಣೂರಿನ ಗಣಿತ ಮಾಸ್ತರರು ಬಂದಿದ್ದರು. ಅವರೂ ಈಗ ನಿವೃತ್ತರು, ಆಟ ನೋಡಲೆಂದು ಬಂದವರು. ನಾನು ಅವರನ್ನು ಬೇವಿನ ಮರದ ಕೆಳಗೆ ಕರೆದು ಎಲ್ಲವನ್ನೂ ಹೇಳಿದೆ. ನಿಮ್ಮ ಹುಡುಗರಿಗೆ ಅನ್ಯಾಯ ಆಗಿರಲಿಲ್ಲ, ಗೆರೆ ತಪ್ಪು ಹಾಕಿದ್ದು ನಾನು ಎಂದೆ. ಅವರು ಕೊಡೆ ಮಡಿಸಿ ನನ್ನ ಮುಖ ನೋಡಿದರು.

‘ನನಗ ಅವತ್ತೇ ಗೊತ್ತಿತ್ತಲ್ಲೋ. ನೀ ಊಟಕ್ಕ ಹೋದಿ ನೋಡು, ಆವಾಗ ಇದೇ ಹಗ್ಗ ಹಾಸಿ ತೋರ್ಸಿದ್ರು. ಲೆಕ್ಕಕ್ಕ ಬರೋಬ್ಬರಿ ಇತ್ತು, ಹೊರಗ ಬಿದ್ದಿದ್ದ ನಮ್ಮ ಹುಡುಗ. ಮತ್ತ ನಾ ಏನಂತ ದೂರು ಕೊಡ್ಲಿ? ನೀವು ಬರದು ಕೊಡ್ರಿ, ಹೇಳಿಬಿಡ್ರಿ ಅಂದೆ. ಹುಡುಗನ ನೌಕರಿ ಹೋಗ್ತದ್ರಿ, ನಾನೂ ನಡದು ನೋಡಿಲ್ಲ, ನಂದೂ ತಪ್ಪದ ಅಂದ್ರು.’

‘ಆಮ್ಯಾಲರ ನನಗ ಹೇಳಬೇಕಿತ್ತಲ್ರಿ ಮಾಸ್ತರ್? ನಾ ಕಾಯಂ ಆಗಿ ಎಂಟು ವರ್ಷ ಆತು!’ ನನಗೆ ಅಳು ಬಂದಿತ್ತು, ಸತ್ತವರ ಮೇಲೆ ಸಿಟ್ಟೂ ಬಂದಿತ್ತು.

‘ನಾನೂ ಅದನ್ನೇ ಕೇಳಿದೆ. ಹಗ್ಗ ಕೊಟ್ಟೇನ್ರಿ, ಒಮ್ಮಿ ಹಾಸಿದ್ರ ತಾನೇ ತಿಳಕೋತಾನ, ತಿಳದ್ರ ತಾನೇ ಬಂದು ಹೇಳ್ತಾನ ಅಂದ್ರು.’ ಗಣಿತ ಮಾಸ್ತರರು ಕೊಡೆಯನ್ನು ಮರಕ್ಕೆ ಒರಗಿಸಿದರು. ‘ಹ್ವಾದ ವರ್ಷ ಮತ್ತ ಕೇಳಿದೆ. ಹಾಸ್ಯಾನಂತ್ರಿ, ಎಲ್ಲಾ ಬರೋಬ್ಬರಿ ಬಂದದಂತ, ಅಂದ್ರ ಅವಗ ತಪ್ಪ ತಿಳದದ, ಬಾಯಿ ಬಿಡವಲ್ಲ, ಇರ್ಲಿ ಬಿಡ್ರಿ ಅಂದ್ರು. ಸಿಟ್ಟಿಲೆ ಏನ್ ಅನ್ನಲಿಲ್ಲ. ನಕ್ಕೋಂತ ಅಂದ್ರು.’

ನಾನು ಐದು ಸಲ ಹೇಳಿದ್ದೆ, ಹಾಸೇನ್ರಿ ಎಂದು. ಐದು ಸಲವೂ ಅವರು ನಂಬಿದ್ದರು. ನನ್ನ ತಪ್ಪು ನನಗೆ ಗೊತ್ತಾಗಿದೆ, ಗೊತ್ತಾಗಿಯೂ ನಾನು ಅವರ ಹೆಸರನ್ನು ಮಣ್ಣಿನಲ್ಲೇ ಬಿಟ್ಟಿದ್ದೇನೆ ಎಂದು ತಿಳಿದುಕೊಂಡೇ ಅವರು ಹೋದರು. ಹಾಗೆ ತಿಳಿದುಕೊಂಡೂ ಮುಂದಿನ ವರ್ಷ ಮತ್ತೆ ಫೋನ್ ಮಾಡಿ ‘ಹಗ್ಗ ಹೆಂಗದ ತಮ್ಮಾ’ ಎಂದು ಕೇಳುತ್ತಿದ್ದರು.

ಅವತ್ತಿನ ಆಟ ಯಾವ ತಕರಾರೂ ಇಲ್ಲದೆ ಮುಗಿಯಿತು. ಹಾಗಾಗಿ ಯಾರೂ ಚೀಟಿ ಬರೆಯಬೇಕಾಗಿರಲಿಲ್ಲ. ನಾನು ಒಂದು ಚೀಟಿ ತೆಗೆದುಕೊಂಡು ಚಾಕ್ಕಿಂತ ಮೊದಲೇ ಬರೆದೆ: ‘ಹನ್ನೊಂದು ವರ್ಷದ ಹಿಂದೆ ಜೇವರ್ಗಿಯಲ್ಲಿ ನಡೆದ ಫೈನಲ್. ಪೆಟ್ಟಿಗೆಯ ಗೆರೆ ತಪ್ಪಾಗಿತ್ತು. ಹಾಕಿದವನು ನಾನು. ಫೌಲ್ ಹೊರಗೆ ಆಗಿತ್ತು. ರೆಫರಿ ಪೆನಾಲ್ಟಿ ಹಿಂದಕ್ಕೆ ಪಡೆದದ್ದು ಸರಿ. ಹಗ್ಗ ಹಾಸಿದ್ದೇನೆ ಎಂದು ನಾನು ಅವರಿಗೆ ಹೇಳಿದ್ದು ಸುಳ್ಳು.’ ಕೈ ಎಲ್ಲೂ ತಡೆಯಲಿಲ್ಲ. ಸಹಿ ಮಾಡಿ ಲಕೋಟೆಗೆ ಹಾಕಿ, ಮರುದಿನ ರಜೆ ಹಾಕಿ ಕಲಬುರಗಿಗೆ ಹೋಗಿ ಮಂಡಳಿಗೆ ಕೊಟ್ಟು ಬಂದೆ. ಅದರ ಒಂದು ನಕಲನ್ನು ನಿಂಬರ್ಗಾಕ್ಕೆ ಒಯ್ದು, ಯಾವನೋ ಒಬ್ಬ ಎಂದಿರಲ್ಲ, ಅವನು ನಾನೇ ಎಂದು ಆ ತಾಯಿಯ ಮುಂದೆ ಓದಿದೆ. ಅವರು ಪೂರಾ ಕೇಳಿಸಿಕೊಂಡರು. ಎದ್ದು ಹೋಗಿ ಅದನ್ನು ಸೀಟಿ ಇದ್ದ ಮೊಳೆಗೆ ಸಿಕ್ಕಿಸಿದರು. ಚಾ ಕುಡಿ ಎಂದು ಅನ್ನಲಿಲ್ಲ.

ವಾರ ಬಿಟ್ಟು ಮಂಡಳಿಯಿಂದ ಫೋನು ಬಂತು. ಈಗಿನ ಕಾರ್ಯದರ್ಶಿ ಹೊಸಬರು, ಹೆಜ್ಜಿ ಮಾಸ್ತರರನ್ನು ಕಂಡವರಲ್ಲ.

‘ನಿಮ್ಮ ಚೀಟಿ ಫೈಲಿಗಿ ಹಚ್ಚೇವ್ರಿ. ಎಲ್ಲಾ ತಿಳೀತು, ಕೊನೀ ಸಾಲು ಒಂದು ತಿಳೀಲಿಲ್ಲ. ಹಗ್ಗ ಹಾಸಿದ್ದು ಅಂದ್ರ ಏನ್ರಿ ಅದು? ಹಾಸೀರೋ ಇಲ್ಲೋ?’

ನಾನು ಮೈದಾನದಲ್ಲೇ ಇದ್ದೆ. ಹುಡುಗರ ಅಭ್ಯಾಸಕ್ಕೆ ಗೆರೆ ಹಾಕುತ್ತಿದ್ದೆ. ಕೆಂಪು ಬಟ್ಟೆ ನನ್ನ ಕಾಲ ಬಳಿ ಇತ್ತು.

‘ಹಾಸೇನ್ರಿ ಸರ್,’ ಎಂದೆ. ‘ಈಗ ಹಾಸೇನಿ.’